ಲೇತ್ ಬೆಡ್ಡನ್ನು ಕೈಯಿಂದ ಕೆರೆಯುತ್ತಿದ್ದುದೇಕೆ?

ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದ ನಿಮ್ಮ ತಂದೆಯವರು ದಿನವಿಡೀ ಲೇತ್ ಬೆಡ್ (ಲೋಹ ಕಡೆಯುವ ಲೇತ್ ಯಂತ್ರದ ಉದ್ದನೆಯ ಎರಕದ ತಳಭಾಗ) ಕೆರೆಯುತ್ತಿದ್ದರೆಂದು ಬರೆದು, ಯಂತ್ರಗಳನ್ನೇ ತಯಾರಿಸುವ ಕಾರ್ಖಾನೆಯಲ್ಲಿ ಈ ಕೈಕೆಲಸವೇಕೆ ಎಂದು ಕೇಳಿದ್ದೀರಿ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಹಲವು ವರ್ಷ ಇದೇ ಕೆಲಸ ಮಾಡಿದವನಾದ್ದರಿಂದ ಉತ್ತರಿಸುತ್ತಿದ್ದೇನೆ.

1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ ಆರಂಭವಾದ ಎಚ್‌ಎಂಟಿ ತಯಾರಿಸುತ್ತಿದ್ದುದು ಇತರ ಯಂತ್ರಗಳ ಬಿಡಿಭಾಗಗಳನ್ನು ಕಡೆಯುವ ಯಂತ್ರಗಳನ್ನು. ಆದ್ದರಿಂದ ಬೆಡ್‌ನಲ್ಲಿ ಉಳಿದ ಅಲ್ಪ ದೋಷವೂ ಅದರ ಮೇಲೆ ಕಡೆದ ಪ್ರತಿಯೊಂದು ಭಾಗಕ್ಕೂ ಇಳಿಯುತ್ತಿತ್ತು. ಲೋಹವನ್ನು ಹೆರೆದು ಸಪಾಟಾಗಿಸುವ ಪ್ಲೇನಿಂಗ್ ಯಂತ್ರದಲ್ಲಿ ಬಿಗಿಯಾಗಿ ಹಿಡಿದಿದ್ದ ಬೆಡ್‌ನ ಎರಕವು ಕ್ಲಾಂಪ್ ಸಡಿಲಿಸಿದೊಡನೆ ಕೂದಲೆಳೆಯಷ್ಟು ಬಾಗಬಹುದು. ಅದನ್ನು ಸರಿಪಡಿಸಲು ನಿಖರವಾಗಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೀರಾ ತೆಳುವಾಗಿ ಸವರಿ, ಅದನ್ನು ಬೆಡ್‌ನ ಮೇಲ್ಮೈಗೆ ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಸ್ಕ್ರೇಪರ್ ಎಂಬ ಕೆರೆಯುವ ಉಳಿಯಿಂದ ಕೆಲವೇ ಮೈಕ್ರಾನ್‌ಗಳಷ್ಟು ಕೆರೆದು, ಒರೆಸಿ, ಮತ್ತೆ ಬಣ್ಣ ಸವರಬೇಕಿತ್ತು. ಮೊದಲಿಗೆ ಅಲ್ಲೊಂದು ಇಲ್ಲೊಂದು ಕಾಣುವ ನೀಲಿ ಚುಕ್ಕೆಗಳು ಹೀಗೆ ಹತ್ತಾರು ಸುತ್ತುಗಳ ನಂತರ ಮೇಲ್ಮೈ ತುಂಬ ಸಮವಾಗಿ ಹರಡಿಕೊಳ್ಳುತ್ತವೆ. ಒಂದು ಚದರ ಇಂಚಿನಲ್ಲಿ ಅವು ಎಷ್ಟಿವೆಯೆಂದು ಎಣಿಸಿಯೇ ನಾವು ಕೆಲಸವನ್ನು ಒಪ್ಪಿಸುತ್ತಿದ್ದೆವು. ಕೆರೆದಲ್ಲಿ ಉಳಿಯುವ ಸಣ್ಣ ತಗ್ಗುಗಳು ಎಣ್ಣೆಯನ್ನು ಹಿಡಿದಿಡುತ್ತಿದ್ದುದರಿಂದ, ಕಡೆಯುವ ಉಳಿಯನ್ನು ಹೊತ್ತು ಬೆಡ್ ಮೇಲೆ ಸಾಗುವ ಕ್ಯಾರೇಜ್ ಸರಾಗವಾಗಿ ಜಾರುತ್ತಿತ್ತು.

ತಂದೆಯವರ ಸೊಂಟನೋವಿಗೂ ಈ ಕೆಲಸಕ್ಕೂ ಸಂಬಂಧವಿದೆಯೇ ಎಂದೂ ಕೇಳಿದ್ದೀರಿ. ವೈದ್ಯಕೀಯವಾಗಿ ಹೇಳಲು ನಾನು ಅರ್ಹನಲ್ಲ. ಆದರೆ ಉದ್ದ ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಒತ್ತಿಕೊಂಡು ಇಡೀ ದೇಹದಿಂದ ತಳ್ಳುತ್ತಿದ್ದ ನನಗೂ ಆ ನೋವಿದೆ.