ಫ್ಯಾಂಟಮ್ ಸಾಯುತ್ತಾನೆ ಅಂತ ಗೊತ್ತಾದ ದಿನ

ಚಿಕ್ಕಂದಿನಲ್ಲಿ ತುಂಬಾ ಇಷ್ಟಪಟ್ಟ ಸೂಪರ್‌ಹೀರೋ ಕಾಮಿಕ್ ಯಾವುದು, ಅದು ಕೈಗೆ ಸಿಕ್ಕಿದ್ದು ಹೇಗೆ, ಅಷ್ಟೊಂದು ಹಿಡಿಸಿದ್ದು ಯಾಕೆ ಅಂತ ಕೇಳಿದ್ದೀರಿ. ನನ್ನ ಉತ್ತರ ಫ್ಯಾಂಟಮ್.

ಇವನು ಸೂಪರ್‌ಹೀರೋನೇ ಅಲ್ಲ ಅಂತ ಕೆಲವರು ತಗಾದೆ ತೆಗೆಯುತ್ತಾರೆ. ಹಾರುವುದಿಲ್ಲ, ಗೋಡೆ ಹತ್ತುವುದಿಲ್ಲ, ಗುಂಡು ತಗುಲಿದರೆ ರಕ್ತ ಬರುತ್ತದೆ. ಸರಿ. ಆದರೆ ಮೈಗಂಟಿದ ಉಡುಪು, ಮುಖವಾಡ, ಅದರ ಹಿಂದೆ ಪಾಪೆ ಕಾಣದ ಬರೀ ಬಿಳಿ ಕಣ್ಣು, ಎಲ್ಲ ಇದೆಯಲ್ಲ? ಅಮೆರಿಕದ ಲೇಖಕ ಲೀ ಫಾಕ್ ಇವನ ಕತೆಯನ್ನು ಪೇಪರಿನಲ್ಲಿ ಶುರು ಮಾಡಿದ್ದು 1936ರ ಫೆಬ್ರವರಿಯಲ್ಲಿ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. ಹಾಗಾಗಿ ತಗಾದೆಯವರನ್ನು ನಾನು ಜಾಸ್ತಿ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ನನಗೆ ಸಿಕ್ಕಿದ್ದು ಹಳೇ ಪುಸ್ತಕಗಳ ರಾಶಿಯ ತಳದಲ್ಲಿ. ಮೇಲಿನ ಹಾಳೆ ಕಿತ್ತುಹೋಗಿತ್ತು. ಒಳಗಿನ ಮೊದಲ ಪುಟಗಳೂ ಇರಲಿಲ್ಲ. ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದಕ್ಕೆಲ್ಲ ಕಂದು ಬಣ್ಣ ಇಳಿದಿತ್ತು. ಹಾಗಾಗಿ ಕತೆಯ ಹೆಸರೂ ಗೊತ್ತಿಲ್ಲ, ಹೀರೋ ಯಾರು ಅಂತಲೂ ಗೊತ್ತಿಲ್ಲ. ಉಳಿದಿದ್ದ ಮೊದಲ ಪುಟದಲ್ಲಿ ಒಬ್ಬ ದಾಂಡಿಗ ನೆಲದ ಮೇಲೆ ಬಿದ್ದಿದ್ದ. ಇನ್ನಿಬ್ಬರು ಬಗ್ಗಿ ಅವನ ಮುಖ ನೋಡುತ್ತಿದ್ದರು. ದವಡೆಯ ಮೇಲೆ ಸಣ್ಣದೊಂದು ತಲೆಬುರುಡೆಯ ಗುರುತು. ನೋಡುತ್ತಿದ್ದವರ ಹಣೆಯಿಂದ ಬೆವರ ಹನಿ ಹಾರುತ್ತಿತ್ತು, ಕಾಮಿಕ್ಸ್‌ನಲ್ಲಿ ಹೆದರಿದವರಿಗೆ ಬರೆಯುತ್ತಾರಲ್ಲ, ಹಾಗೆ. ಹೊಡೆದವನು ಮಾತ್ರ ಎಲ್ಲೂ ಇಲ್ಲ! ಅವನನ್ನು ನೋಡುವ ಮೊದಲೇ ಅವನ ಮುಷ್ಟಿಯ ಪರಿಚಯವಾಯಿತು. ಪುಟ ತಿರುವದೆ ಇರುವುದು ಹೇಗೆ?

ಆಮೇಲೆ ಕೈಗೆ ಸಿಕ್ಕಿದ ಫ್ಯಾಂಟಮ್‌ಗಳನ್ನೆಲ್ಲ ಓದಿದೆ. ಎಷ್ಟೋ ಕತೆಗಳ ಆರಂಭದಲ್ಲಿ, ತಡವಾಗಿ ಬಂದವರಿಗಾಗಿ ಅಂತ ಒಂದೆರಡು ಚೌಕಗಳಲ್ಲಿ ಹಳೆಯ ಕತೆ ಹೇಳುವ ರೂಢಿ ಇತ್ತು. ಹರಿದ ಪುಸ್ತಕದವನಾದ ನಾನು ನಿಜಕ್ಕೂ ತಡವಾಗಿ ಬಂದವನೇ. ಆ ಕತೆಗಳ ಲೆಕ್ಕದಲ್ಲಿ ನಾನೂರು ವರ್ಷಗಳ ಹಿಂದೆ, 1536ರಲ್ಲಿ, ಕಡಲ್ಗಳ್ಳರು ಒಂದು ಹಡಗನ್ನು ಮುತ್ತಿ ಎಲ್ಲರನ್ನೂ ಕೊಲ್ಲುತ್ತಾರೆ. ಹಡಗಿನ ಕ್ಯಾಪ್ಟನ್‌ನ ಮಗ ಒಬ್ಬನೇ ಬದುಕುಳಿದು ದಡ ಸೇರುತ್ತಾನೆ. ಬಂದಾರ್ ಎಂಬ ಕುಳ್ಳ ಜನ ಅವನನ್ನು ಕಾಪಾಡುತ್ತಾರೆ. ಮುಂದೆ ತನ್ನ ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಅವನು ಆಣೆ ಮಾಡುತ್ತಾನೆ: ಕಡಲ್ಗಳ್ಳತನ, ಕ್ರೌರ್ಯ, ಅನ್ಯಾಯದ ವಿರುದ್ಧ ನಾನು ಹೋರಾಡುತ್ತೇನೆ, ನನ್ನ ಮಕ್ಕಳು ಮೊಮ್ಮಕ್ಕಳೂ ಹೋರಾಡುತ್ತಾರೆ. ಅವನು ತೀರಿಕೊಂಡ ಮೇಲೆ ಮಗ ಅದೇ ಉಡುಪು, ಅದೇ ಮುಖವಾಡ ತೊಡುತ್ತಾನೆ. ಆಮೇಲೆ ಮೊಮ್ಮಗ. ನಾವು ಓದುವ ಫ್ಯಾಂಟಮ್ ಇಪ್ಪತ್ತೊಂದನೆಯವನು. ಹೊರಗಿನವರಿಗೆ ಈ ಬದಲಾವಣೆ ಗೊತ್ತೇ ಆಗುವುದಿಲ್ಲ. ನಾನೂರು ವರ್ಷದಿಂದ ಒಬ್ಬನೇ ಇದ್ದಾನೆ, ಅವನಿಗೆ ಸಾವಿಲ್ಲ ಅಂತ ಎಲ್ಲರೂ ನಂಬಿರುತ್ತಾರೆ.

ಅಂದರೆ ಅವನ ಶಕ್ತಿಯೆಲ್ಲ ಒಂದು ಗುಟ್ಟಿನಲ್ಲಿದೆ, ಮತ್ತು ಆ ಗುಟ್ಟು ನನಗೆ ಗೊತ್ತು. ನೀವು ಕೇಳಿದ ‘ಯಾಕೆ’ಗೆ ಉತ್ತರ ಇದೇ. ಕಳ್ಳರಿಗೆ ಗೊತ್ತಿಲ್ಲ, ಪೊಲೀಸರಿಗೆ ಗೊತ್ತಿಲ್ಲ. ಬಂದಾರ್ ಜನಕ್ಕೆ ಗೊತ್ತು, ಅವನ ಪ್ರೇಯಸಿ ಡಯಾನಾಗೆ ಗೊತ್ತು, ನಂತರ ನನಗೆ. ಮನೆಯಲ್ಲಿ ದೊಡ್ಡವರು ಯಾವ ಗುಟ್ಟನ್ನೂ ಹೇಳದ ವಯಸ್ಸಿನಲ್ಲಿ ಇದು ಸಣ್ಣ ಗೌರವವಲ್ಲ. ಅವನು ಗಾಯಗೊಂಡು ಮಲಗಿದ ಚಿತ್ರ ಬಂದರೆ ನನಗೆ ನಿಜವಾಗಿ ಭಯವಾಗುತ್ತಿತ್ತು. ಸೂಪರ್‌ಮ್ಯಾನ್ ಕತೆಯಲ್ಲಿ ಈ ಭಯ ನನಗೆ ಬರಲೇ ಇಲ್ಲ. ಗುಂಡು ತಾಗಿ ಪುಟಿದುಹೋಗುವವನ ಬಗ್ಗೆ ಏನಂತ ಚಿಂತೆ ಮಾಡುವುದು?

ಈ ಗುಟ್ಟನ್ನು ಕಾಯಲು ಫಾಕ್ ಮಾಡಿದ ಏರ್ಪಾಡುಗಳು ನನಗೆ ಹೊಡೆದಾಟಕ್ಕಿಂತ ಇಷ್ಟ. ಜಂಗಲ್ ಪ್ಯಾಟ್ರೋಲ್ ಅಂತ ಕಾಡು ಕಾಯುವ ಒಂದು ಪಡೆ ಇದೆ. ಅದರ ಕಮಾಂಡರ್ ಯಾರು ಅಂತ ಪಡೆಯವರಿಗೇ ಗೊತ್ತಿಲ್ಲ. ಕಚೇರಿಯಲ್ಲೊಂದು ತಿಜೋರಿ, ಅದರೊಳಗೆ ಆಜ್ಞೆಯ ಚೀಟಿ ತಾನಾಗೇ ಬಂದು ಕೂತಿರುತ್ತದೆ. ತಿಜೋರಿಗೆ ಗುಟ್ಟಾದ ಸುರಂಗ ಇದೆ, ಚೀಟಿ ಇಡುವವನು ಫ್ಯಾಂಟಮ್. ಕರ್ನಲ್ ಪಾಪ, ಬಾಗಿಲು ತೆಗೆದು ಪ್ರತಿ ಸಲ ಬೆರಗಾಗುತ್ತಾನೆ. ಅವನ ಮನೆಯಾದ ಬುರುಡೆ ಗುಹೆಯಲ್ಲಿ ಹಿಂದಿನ ಫ್ಯಾಂಟಮ್‌ಗಳ ಸಮಾಧಿ ಸಾಲಾಗಿವೆ. ಕಪಾಟಿನ ತುಂಬ ಅವರೆಲ್ಲ ಬರೆದಿಟ್ಟ ದಪ್ಪ ದಿನಚರಿಗಳು. ಇವನೂ ದಿನದ ಸಾಹಸ ಮುಗಿಸಿ ಬಂದು ಕೂತು ಬರೆಯುತ್ತಾನೆ. ಹೋಮ್‌ವರ್ಕ್ ಮಾಡುವ ಸೂಪರ್‌ಹೀರೋ! ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಸುಮ್ನೆ ನನಗೇ ಉದಾಹರಣೆ ಕೊಡುತ್ತಾರೆ ಅಂತ.

ಉಂಗುರಗಳ ಲೆಕ್ಕವೂ ಬಾಯಿಪಾಠವಾಗಿತ್ತು. ಬಲಗೈಯಲ್ಲಿ ಬುರುಡೆಯ ಗುರುತು, ದುಷ್ಟರಿಗೆ. ಎಡಗೈಯಲ್ಲಿ ಒಳ್ಳೆಯ ಗುರುತು, ಅವನ ರಕ್ಷಣೆ ಇದೆ ಅನ್ನುವುದಕ್ಕೆ. ನಾನು ಬೆರಳ ಗೆಣ್ಣಿನ ಮೇಲೆ ಇಂಕ್ ಪೆನ್ನಿನಲ್ಲಿ ಬುರುಡೆ ಬರೆದುಕೊಂಡು, ಎಂಜಲು ಹಚ್ಚಿ, ತಂಗಿಯ ಕೆನ್ನೆಗೆ ಒತ್ತಿದ್ದೂ ಇದೆ. ಮೂಡಿದ್ದು ನೀಲಿ ಮಚ್ಚೆ. ಅವಳಿಗೆ ಬುರುಡೆ ಬರಲಿಲ್ಲ ಅಂತ ಬೇಜಾರು, ಅಮ್ಮನಿಗೆ ಮಚ್ಚೆ ಹೋಗಲಿಲ್ಲ ಅಂತ.

ದೊಡ್ಡವನಾದ ಮೇಲೆ ಓದಿ ತಿಳಿದ ಒಂದೆರಡು ಸಂಗತಿ ಹೇಳುತ್ತೇನೆ, ಮಜವಾಗಿವೆ. ಫ್ಯಾಂಟಮ್ ಆಗಬೇಕಾಗಿದ್ದವನು ಜಿಮ್ಮಿ ವೆಲ್ಸ್ ಅನ್ನುವ ನಗರದ ಶ್ರೀಮಂತ ಯುವಕ. ಮೊದಲ ಕತೆ ಪೇಪರಿನಲ್ಲಿ ಓಡುತ್ತಿರುವಾಗಲೇ ಫಾಕ್ ಮನಸ್ಸು ಬದಲಿಸಿ ಹೀರೋನನ್ನು ಕಾಡಿಗೆ ಕಳಿಸಿದರು. ಆ ಬಿಳಿ ಕಣ್ಣು ಬಂದದ್ದು ಪಾಪೆಯಿಲ್ಲದ ಗ್ರೀಕ್ ಶಿಲ್ಪಗಳಿಂದ. ಉಡುಪಿನ ಬಣ್ಣ ಬೂದು ಅಂತ ಅವರ ಲೆಕ್ಕ. ಆದರೆ 1939ರಲ್ಲಿ ಭಾನುವಾರದ ಬಣ್ಣದ ಪುಟಗಳು ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು. ಇಟಲಿಯಲ್ಲಿ ಅವನು ಕೆಂಪು, ಸ್ವೀಡನ್‌ನಲ್ಲಿ ನೀಲಿ. ಹಸಿರು ಕಾಡಿನಲ್ಲಿ ನೇರಳೆ ಬಟ್ಟೆ ಹಾಕಿಕೊಂಡು ಅಡಗುವುದು ಹೇಗೆ ಅಂತ ಚಿಕ್ಕಂದಿನಲ್ಲಿ ಒಂದು ಸಲವೂ ಅನ್ನಿಸಲಿಲ್ಲ ನೋಡಿ.

ನಮ್ಮಲ್ಲಿ ಹೆಚ್ಚಿನವರು ಇವನನ್ನು ಓದಿದ್ದು ಇಂದ್ರಜಾಲ ಕಾಮಿಕ್ಸ್‌ನಲ್ಲಿ, ಅಲ್ವಾ? ಅದು ಶುರುವಾಗಿದ್ದು 1964ರಲ್ಲಿ, ಮೊದಲ 32 ಸಂಚಿಕೆಗಳೂ ಫ್ಯಾಂಟಮ್‌ದೇ. ಮೂಲದಲ್ಲಿ ಅವನ ನಾಡಿನ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು, ಇಲ್ಲಿ ಅದು ಡೆಂಕಾಲಿ ಆಯಿತು. ಮೂಲದ ಸಿಂಗ್ ಎಂಬ ಕಡಲ್ಗಳ್ಳರ ಗುಂಪು ಸಿಂಗಾ ಆಯಿತು. ಪೇಪರಿನಲ್ಲಿ ತಿಂಗಳುಗಟ್ಟಲೆ ಓಡಿದ ಕತೆಯನ್ನು ಒಂದೇ ಪುಸ್ತಕಕ್ಕೆ ಹಿಡಿಸಲು ಅಲ್ಲಲ್ಲಿ ಚೌಕಗಳನ್ನು ಕತ್ತರಿಸಿದ್ದರು ಕೂಡ. ಕೆಲವು ಕತೆಗಳಲ್ಲಿ ಫ್ಯಾಂಟಮ್ ಇದ್ದಕ್ಕಿದ್ದಂತೆ ಬೇರೆಲ್ಲೋ ಪ್ರತ್ಯಕ್ಷನಾಗುವುದಕ್ಕೆ ಅದೂ ಒಂದು ಕಾರಣ. ನಾನು ಅದನ್ನೂ ಅವನ ಮಹಿಮೆ ಅಂತಲೇ ನಂಬಿದ್ದೆ.

ಈಗ ಓದಿದರೆ ಕಸಿವಿಸಿಯಾಗುವ ಜಾಗಗಳೂ ಇವೆ. ಆಫ್ರಿಕಾದಂಥ ಕಾಡಿನಲ್ಲಿ ಸಿಂಹಾಸನದ ಮೇಲೆ ಕೂತ ಬಿಳಿಯ, ಸುತ್ತ ಅವನನ್ನು ದೇವರಂತೆ ನೋಡುವ ಕಪ್ಪು ಜನ. ಹಳೆಯ ಕತೆಗಳಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಮುಂದೆ ಅದೇ ನಾಡಿಗೆ ಲುವಾಗಾ ಎಂಬ ಕಪ್ಪು ಅಧ್ಯಕ್ಷ ಬಂದ, ಒಳ್ಳೆಯ ಆಡಳಿತಗಾರ, ಫ್ಯಾಂಟಮ್‌ಗೆ ಗೆಳೆಯ. ಅಷ್ಟರಿಂದ ಹಳೆಯದು ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಮಕ್ಕಳಿಗೆ ಕೊಡುವುದಾದರೆ ಸೈ ಬ್ಯಾರಿ ಚಿತ್ರ ಬರೆದ ಅರವತ್ತರ ದಶಕದಿಂದ ಈಚಿನ ಕತೆಗಳನ್ನು ಕೊಡಿ. ಗೆರೆ ಚೊಕ್ಕ, ಕಾಡು ನಿಜವಾಗಿ ಕತ್ತಲೆ.

ಇನ್ನೊಂದು ಹೇಳಲೇಬೇಕು. ಹದಿನೇಳನೇ ಫ್ಯಾಂಟಮ್‌ಗೆ ಜೂಲಿ ಅಂತ ಅವಳಿ ತಂಗಿ ಇದ್ದಳು. ಅಣ್ಣ ಹಾಸಿಗೆ ಹಿಡಿದಾಗ ಅವಳೇ ಮುಖವಾಡ ಹಾಕಿಕೊಂಡು ಕೆಲಸ ನಡೆಸಿದಳು. ಆ ಕತೆಯನ್ನು ನನಗಿಂತ ಮೊದಲು ಓದಿದ್ದು ನನ್ನ ತಂಗಿ. ಅಲ್ಲಿವರೆಗೆ ನಮ್ಮ ಆಟದಲ್ಲಿ ಅವಳು ಡಯಾನಾ, ಇಲ್ಲ ಕಡಲ್ಗಳ್ಳ. ಪುಸ್ತಕ ಹಿಡಿದುಕೊಂಡು ಬಂದು, ಆ ಪುಟ ತೆರೆದು ನನ್ನ ಮುಂದೆ ಇಟ್ಟಳು. ನಿನಗೆ ಇವತ್ತು ಜ್ವರ, ಮಲಗು, ಅಂದಳು. ಸಾಕ್ಷಿ ಸಮೇತ ಬಂದಿದ್ದಳು, ವಾದಕ್ಕೆ ಜಾಗವೇ ಇರಲಿಲ್ಲ. ಆ ರಜೆಯೆಲ್ಲ ನಾನು ಜ್ವರದಲ್ಲಿ ಮಲಗಿದ್ದೆ. ಬೇಜಾರಾದಾಗ ಫ್ಯಾಂಟಮ್ ಸಾಕಿದ ತೋಳ ಡೆವಿಲ್ ಆಗುವ ಅವಕಾಶ ಕೊಟ್ಟಳು, ಬೊಗಳಬಾರದು ಅನ್ನುವ ಷರತ್ತಿನ ಮೇಲೆ. ಡೆವಿಲ್ ನಾಯಿಯಲ್ಲವಂತೆ.