ಉತ್ತರ ಒತ್ತಿದ್ದು ಯಾರು?

ನಿಮ್ಮ ಪತ್ರ ಓದಿ ನಿಮ್ಮ ಅಕ್ಕನ ಮೇಲೆ ನನಗೆ ಸಿಟ್ಟೇ ಬಂತು.

‘ನಿಮ್ಮ ಸ್ವಭಾವಕ್ಕೆ ಹೊಂದುವ ಕ್ಲಾಸಿಕ್ ಕಾದಂಬರಿ ಯಾವುದು’ ಅನ್ನೋ ಮೊಬೈಲ್ ಕ್ವಿಜ್‌ನಲ್ಲಿ ನಿಮಗೆ ಜೇನ್ ಆಸ್ಟಿನ್ ಅವರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಬಂತು. ನೀವು ಅದರ ಮರಿಯಾನ್ ಥರ, ದುಡುಕಿನವರು ಅಂತ ಫಲಿತಾಂಶ. ಕಾದಂಬರಿಯಲ್ಲಿ ಮರಿಯಾನ್‌ಗೆ ಎಲಿನರ್ ಅಂತ ಒಬ್ಬ ಅಕ್ಕ ಇದ್ದಾಳೆ, ವಿವೇಕದವಳು. ‘ನಾನು ಎಲಿನರ್, ಇವಳು ಮರಿಯಾನ್’ ಎಂದು ಅಕ್ಕ ಮನೆಮಂದಿಗೆಲ್ಲ ಸಾರಿದರು. ಈಗ ನಿಮಗೆ ನಿಮ್ಮ ಮೇಲೇ ನಂಬಿಕೆ ಹೋಗಿದೆ. ಹೊಸ ಕೆಲಸ ಒಪ್ಪಿಕೊಳ್ಳಬೇಕೋ ಬೇಡವೋ ಅನ್ನೋದನ್ನೂ ಅಕ್ಕನಿಗೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ.

ಪತ್ರದ ನಡುವೆ ಒಂದು ಸಾಲು ಸುಮ್ನೆ ಬಂದು ಹೋಗುತ್ತದೆ: "ನಾನು ಸ್ನಾನಕ್ಕೆ ಹೋಗಿದ್ದೆ, ಅಷ್ಟರಲ್ಲಿ ಅಕ್ಕನೇ ನನ್ನ ಪರವಾಗಿ ಉತ್ತರ ಒತ್ತಿ ಮುಗಿಸಿದ್ದಳು." ಅಲ್ಲಮ್ಮಾ, ಇರುವ ವಿಷಯವೆಲ್ಲ ಇಲ್ಲೇ ಇದೆಯಲ್ಲ! ಅಕ್ಕನ ಕಣ್ಣಿಗೆ ನೀವು ಹೇಗೆ ಕಾಣುತ್ತೀರಿ ಅನ್ನೋದಷ್ಟೇ ಆ ಫಲಿತಾಂಶ. ನಿಮ್ಮ ಪರವಾಗಿ ಯಾರು ಮಾತಾಡುತ್ತಿದ್ದಾರೆ ನೋಡಿಕೊಳ್ಳಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಇನ್ನು ಕಾದಂಬರಿ. ಇಬ್ಬರೂ ಓದಿಲ್ಲ ಎಂದಿದ್ದೀರಿ. 1811ರಲ್ಲಿ ಬಂದ ಈ ಪುಸ್ತಕದ ಶುರುವಿನಲ್ಲಿ ಮರಿಯಾನ್‌ಗೆ ಇನ್ನೂ 17 ತುಂಬಿರುವುದಿಲ್ಲ. ನಿಮಗೆ 29. ಎಲಿನರ್‌ಗೂ ಭಾವನೆ ಏನೂ ಕಮ್ಮಿ ಇಲ್ಲ. ತಾನು ಮೆಚ್ಚಿದ ಎಡ್ವರ್ಡ್‌ಗೆ ಬೇರೊಬ್ಬಳ ಜೊತೆ ಗುಟ್ಟಾಗಿ ಮದುವೆ ಗೊತ್ತಾಗಿದೆ ಎಂದು ತಿಳಿದ ಮೇಲೆ, ಯಾರಿಗೂ ಹೇಳಲ್ಲ ಎಂದು ಮಾತು ಕೊಟ್ಟಿದ್ದಕ್ಕೆ, ನಾಲ್ಕು ತಿಂಗಳು ಒಬ್ಬಳೇ ನುಂಗಿಕೊಂಡಿರುತ್ತಾಳೆ. ಕೊನೆಗೆ ಎಡ್ವರ್ಡ್ ಆ ಇನ್ನೊಬ್ಬಳನ್ನು ಮದುವೆಯಾಗಿಲ್ಲ ಎಂದು ಗೊತ್ತಾದಾಗ ಎಲಿನರ್ ಅಲ್ಲಿ ಕೂತಿರಲಾಗದೆ ಹೆಚ್ಚುಕಮ್ಮಿ ಓಡಿಯೇ ಹೋಗುತ್ತಾಳೆ. ಬಾಗಿಲು ಮುಚ್ಚಿದ್ದೇ ತಡ, ಸಂತೋಷಕ್ಕೆ ಅಳು ಒತ್ತರಿಸಿ ಬರುತ್ತದೆ. ಯಾವ ಕ್ವಿಜ್‌ನ ಎಲಿನರ್ ಇವಳು? ಮರಿಯಾನ್ ಕೂಡ ಕಾಯಿಲೆ ಬಿದ್ದು ಎದ್ದ ಮೇಲೆ ತನ್ನ ನಡತೆಯನ್ನು ತಾನೇ ತೂಗಿ ನೋಡುತ್ತಾಳೆ. ಆ ಕೆಲಸವನ್ನು ಅವಳ ಪರವಾಗಿ ಬೇರೆ ಯಾರೂ ಮಾಡಿಕೊಡುವುದಿಲ್ಲ. ಎಲಿನರ್ ಅನ್ನಿಸಿಕೊಳ್ಳಬೇಕಾದರೆ ನಿಮ್ಮ ಅಕ್ಕ ಮೊದಲು ಅವಳಷ್ಟು ಬಾಯಿ ಬಿಗಿಹಿಡಿಯುವುದನ್ನು ಕಲಿಯಬೇಕು.

ಭಾವುಕರಾಗಿರುವುದು ತಪ್ಪು ಅಂತ ನಾನಂತೂ ಒಪ್ಪಲ್ಲ. ಅದಕ್ಕೆ ಇಲ್ಲಿ ಜಾಸ್ತಿ ಹೇಳುವುದೂ ಇಲ್ಲ.

ನೀವು ಮಾಡಬೇಕಾದ್ದು ಒಂದೇ. ಕೆಲಸದ ಪತ್ರಕ್ಕೆ ನೀವೇ ಉತ್ತರ ಬರೆಯಿರಿ. ಒಪ್ಪಿಗೆಯೋ ಬೇಡವೋ, ಕಳಿಸಿಬಿಡಿ. ಕಳಿಸಿದ ಮೇಲೆ ಅಕ್ಕನಿಗೆ ಹೇಳಿ.