ಕರ್ನಲ್ ಬಿಲ್ಡ್ ಕೈಕೊಟ್ಟಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಲೀಸಾಗಿ ಬಿಲ್ಡ್ ಆಗುತ್ತಿದ್ದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) 6.1ರ ಹಳೆಯ ಸೋರ್ಸ್, ಡಿಸ್ಟ್ರೊ (ಲಿನಕ್ಸ್ ವಿತರಣೆ) ಅಪ್‌ಡೇಟ್ ಆದ ಮೇಲೆ ಎರರ್ ಕೊಡುತ್ತಿದೆ. ‘ಫಾಲ್ಸ್’ ಎಂಬ ಕೀವರ್ಡನ್ನು (ಭಾಷೆಯೇ ಕಾಯ್ದಿರಿಸಿದ ಪದ) ಎನಮ್‌ನಲ್ಲಿ (ಅಂಕಿಗಳಿಗೆ ಹೆಸರಿಡುವ ಪಟ್ಟಿ) ಬಳಸುವಂತಿಲ್ಲ ಅನ್ನುತ್ತದೆ. ಸೋರ್ಸಿನಲ್ಲಿ ಒಂದಕ್ಷರವನ್ನೂ ನಾನು ಮುಟ್ಟಿಲ್ಲ.

ಉತ್ತರ: ನೀವು ಮುಟ್ಟಿಲ್ಲ, ನಿಜ, ಬದಲಾಗಿರುವುದು ಸೋರ್ಸನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್. 2025ರಲ್ಲಿ ಬಂದ ಜಿಸಿಸಿ 15, ಯಾವ ಸಿ ಮಾನದಂಡವೆಂದು ನಾವು ಹೇಳದಿದ್ದರೆ ಸಿ23 ಎಂದೇ ಹಿಡಿಯುತ್ತದೆ. ಅದರಲ್ಲಿ ಟ್ರೂ, ಫಾಲ್ಸ್, ಬೂಲ್ ಮೂರೂ ಕೀವರ್ಡುಗಳು. ಕರ್ನಲ್ಲಿನ ಎಸ್‌ಟಿಡಿಡೆಫ್ ಹೆಡರ್ ತೆರೆದು ನೋಡಿ: ಫಾಲ್ಸ್ ಅಂದರೆ 0, ಟ್ರೂ ಅಂದರೆ 1 ಎಂದು ಎನಮ್ ಬರೆದಿದೆ. ಜಗಳ ಅಲ್ಲೇ.

ಕರ್ನಲ್ 5.18ರಿಂದಲೇ ಗ್ನೂ11 (ಹಳೆಯ ಸಿ11 ಮಾನದಂಡದ ಜಿಸಿಸಿ ರೂಪ) ಎಂದು ಸ್ಪಷ್ಟವಾಗಿ ಹೇಳುತ್ತದಲ್ಲ ಎಂದು ಕೇಳಬಹುದು. ಹೇಳುತ್ತದೆ, ಆದರೆ ಎಕ್ಸ್86ರ ಬೂಟ್ ಭಾಗದ ಮೇಕ್‌ಫೈಲುಗಳು (ಬಿಲ್ಡ್ ಸೂಚನೆಯ ಫೈಲುಗಳು) ಮುಖ್ಯ ಫ್ಲ್ಯಾಗುಗಳನ್ನು (ಕಂಪೈಲರಿಗೆ ಕೊಡುವ ಆಯ್ಕೆಗಳು) ಬಿಟ್ಟು ತಮ್ಮದೇ ಪಟ್ಟಿ ಇಟ್ಟುಕೊಂಡಿವೆ. ಆ ಬೂಟ್ ಭಾಗದ ರಿಯಲ್‌ಮೋಡ್ ಮತ್ತು ಕಂಪ್ರೆಸ್ಡ್ ಎರಡರ ಪಟ್ಟಿಗೂ ಗ್ನೂ11 ಫ್ಲ್ಯಾಗ್ ಸೇರಿಸಿ. ಮೂಲ ಕರ್ನಲ್ಲಿನಲ್ಲಿ ಈ ತಿದ್ದುಪಡಿ ಆಗಿದೆ. ಹಾಗಾಗಿ ಮೊದಲು ನಿಮ್ಮ ಶಾಖೆಯ ಇತ್ತೀಚಿನ ಸ್ಟೇಬಲ್ ಬಿಡುಗಡೆ ಹಾಕಿ ನೋಡಿ. ವಾರ್ನಿಂಗನ್ನು ಎರರ್ ಮಾಡುವ ಕಾನ್ಫಿಗ್ ಆಯ್ಕೆ ತೆಗೆದರೆ ಪ್ರಯೋಜನವಿಲ್ಲ. ಇದು ಅಸಲಿ ಎರರೇ.

ಪ್ರಶ್ನೆ: ಎರಡು ಆವೃತ್ತಿಗಳ ನಡುವೆ ಒಂದು ಡ್ರೈವರ್ ಕಂಪೈಲ್ ಆಗುವುದು ನಿಂತಿದೆ. ಗಿಟ್ ಬೈಸೆಕ್ಟ್ (ಅರ್ಧರ್ಧ ಭಾಗಿಸುತ್ತಾ ತಪ್ಪು ಎಲ್ಲಿ ನುಸುಳಿತೆಂದು ಹುಡುಕುವ ಆದೇಶ) ಓಡಿಸಿದರೆ ಸಂಬಂಧವೇ ಇಲ್ಲದ ಕಮಿಟ್ (ದಾಖಲಾದ ಒಂದು ಬದಲಾವಣೆ) ತೋರಿಸುತ್ತದೆ. ಏಕೆ?

ಉತ್ತರ: ಬಹುಪಾಲು ನಿಮ್ಮ ಸ್ಕ್ರಿಪ್ಟ್ ‘ಮೇಕ್ (ಬಿಲ್ಡ್ ನಡೆಸುವ ಆದೇಶ) ಸೋತರೆ ಕೆಟ್ಟದ್ದು’ ಎಂದಷ್ಟೇ ನೋಡುತ್ತಿದೆ. ನಡುವಿನ ಯಾವುದೋ ಕಮಿಟ್‌ನಲ್ಲಿ ಬೇರೆ ಕಾರಣಕ್ಕೆ ಬಿಲ್ಡ್ ಮುರಿದಿದ್ದರೂ ಅದನ್ನೇ ಕೆಟ್ಟದ್ದೆಂದು ಎಣಿಸಿ ಬೈಸೆಕ್ಟ್ ದಾರಿ ತಪ್ಪುತ್ತದೆ. ಸ್ಕ್ರಿಪ್ಟ್ ಲಾಗಿನಲ್ಲಿ ನಿಮ್ಮದೇ ಎರರ್ ಸಾಲನ್ನು ಗ್ರೆಪ್ ಮಾಡಲಿ, ಅಂದರೆ ಹುಡುಕಲಿ. ಆ ಸಾಲು ಸಿಕ್ಕರೆ 1, ಬಿಲ್ಡ್ ಮುಗಿದರೆ 0, ಬೇರೆ ಎರರ್ ಬಂದರೆ 125 ಹಿಂದಿರುಗಿಸಿ. 125 ಅಂದರೆ ಈ ಕಮಿಟ್ ಬಿಟ್ಟುಬಿಡು ಎಂದರ್ಥ.

ಇನ್ನೊಂದು ಮೋಸ ಕಾನ್ಫಿಗ್‌ನದು (ಕರ್ನಲ್ಲಿನಲ್ಲಿ ಏನೇನು ಸೇರಬೇಕೆಂಬ ಆಯ್ಕೆಗಳ ಫೈಲು), ಇದನ್ನು ಹಿಡಿಯುವುದು ಕಷ್ಟ. ಹಳೆಯ ಕಮಿಟ್‌ಗೆ ಹೋಗಿ, ಇರುವ ಕಾನ್ಫಿಗನ್ನು ಆ ಸೋರ್ಸಿಗೆ ಹೊಂದಿಸುವ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದರೆ ಅಲ್ಲಿ ಇಲ್ಲದ ಆಯ್ಕೆಗಳು ಸದ್ದಿಲ್ಲದೆ ಅಳಿಸಿಹೋಗುತ್ತವೆ. ಮತ್ತೆ ಹೊಸ ಕಮಿಟ್‌ಗೆ ಬಂದಾಗ ಡ್ರೈವರ್ ಆಫ್ ಆಗಿಯೇ ಇರಬಹುದು; ಕಂಪೈಲೇ ಆಗದ ಡ್ರೈವರ್ ‘ಪಾಸ್’ ಆದಂತೆ ಕಾಣುತ್ತದೆ. ಪ್ರತಿ ಸುತ್ತಿನಲ್ಲೂ ಮೂಲ ಕಾನ್ಫಿಗ್ ಫೈಲನ್ನೇ ನಕಲು ಮಾಡಿ, ಓಲ್ಡ್‌ಡೆಫ್‌ಕಾನ್ಫಿಗ್ ಆದ ಮೇಲೆ ಆ ಆಯ್ಕೆ ಉಳಿದಿದೆಯೇ ನೋಡಿ. ಉಳಿದಿಲ್ಲವೆಂದರೆ 125.

ಪೂರ್ತಿ ಕರ್ನಲ್ ಕಟ್ಟುವ ಗೋಜು ಬೇಡ. ಆ ಒಂದು ಆಬ್ಜೆಕ್ಟ್ ಫೈಲಿನ ಹೆಸರನ್ನು ಮೇಕ್‌ಗೆ ಕೊಟ್ಟರೆ ಸಾಕು. 14,000 ಕಮಿಟ್ ಇದ್ದರೂ ಸುಮಾರು 14 ಸುತ್ತಿನಲ್ಲಿ ತಪ್ಪಿತಸ್ಥ ಸಿಗುತ್ತದೆ.

ಪ್ರಶ್ನೆ: ಕಮಿಟ್ ಸಿಕ್ಕಿತು. ಯಾರಿಗೆ, ಹೇಗೆ ತಿಳಿಸಲಿ?

ಉತ್ತರ: ಆ ಕಮಿಟ್ ಬರೆದವರಿಗೆ, ಗೆಟ್‌ಮೇಂಟೇನರ್ ಸ್ಕ್ರಿಪ್ಟ್ ತೋರಿಸುವ ಮೇಂಟೇನರ್‌ಗೆ (ಆ ಕೋಡಿನ ಉಸ್ತುವಾರಿ), ರಿಗ್ರೆಷನ್ (ಮೊದಲು ಸರಿಯಿದ್ದು ಈಗ ಕೆಟ್ಟದ್ದು) ಮೇಲಿಂಗ್ ಪಟ್ಟಿಗೆ ಒಂದೇ ಮೇಲ್ ಕಳಿಸಿ. ಅದಕ್ಕೂ ಮೊದಲು ಇತ್ತೀಚಿನ ಕೋಡಿನ ಮೇಲೆ ಆ ಕಮಿಟನ್ನು ರಿವರ್ಟ್ ಮಾಡಿ (ಹಿಂತೆಗೆದು), ಎರರ್ ಹೋಯಿತೇ ನೋಡಿಕೊಳ್ಳಿ. ಮೇಲ್‌ನಲ್ಲಿ ಕಂಪೈಲರ್ ಆವೃತ್ತಿ, ಕಾನ್ಫಿಗ್ ಫೈಲ್ ಮತ್ತು ಲಾಗಿನ ಮೊಟ್ಟಮೊದಲ ಎರರ್ ಇರಲಿ. ಅದರ ಕೆಳಗಿನವು ಹೆಚ್ಚಾಗಿ ಮೊದಲನೆಯದರ ಬಾಲ. ತಿದ್ದುಪಡಿಯನ್ನೂ ನೀವೇ ಕಳಿಸುವುದಾದರೆ ‘ಫಿಕ್ಸಸ್’ ಸಾಲಿನಲ್ಲಿ ತಪ್ಪಿತಸ್ಥ ಕಮಿಟಿನ ಹ್ಯಾಶಿನ (ಗುರುತು ಸಂಖ್ಯೆ) ಮೊದಲ 12 ಅಕ್ಷರ, ಮುಂದೆ ಕಮಿಟ್ ಶೀರ್ಷಿಕೆ ಬರೆಯಿರಿ.